ಪಾಷಾಣದ ಮೇಲೊಂದು ಮನೆ

ಸಿಯಾಟಲ್‌ನಿಂದ ಉತ್ತರಕ್ಕೆ ಸುಮಾರು 45 ಕಿಲೋಮೀಟರ್ ದೂರದ ಎವರೆಟ್ ಊರಿನ ಹೆಸರು ಹೇಳಿದರೆ ನಮ್ಮ ಕನ್ನಡದವರಿಗೆ ತಟ್ಟನೆ ನೆನಪಾಗುವುದು ಬೋಯಿಂಗ್. ಊರಿನಿಂದ ಬಂದ ಅಪ್ಪ ಅಮ್ಮಂದಿರನ್ನು 747 ವಿಮಾನ ಹುಟ್ಟಿದ ಆ ಮಹಾ ಕಟ್ಟಡಕ್ಕೆ ಒಮ್ಮೆಯಾದರೂ ಕರೆದೊಯ್ಯದ ಕನ್ನಡ ಮನೆ ಈ ಕಡೆ ಇರಲಾರದು. ಆದರೆ ಬೋಯಿಂಗ್ ಎವರೆಟ್ಟಿಗೆ ಬಂದದ್ದು 1960ರ ದಶಕದಲ್ಲಿ. ಊರು ಅದಕ್ಕಿಂತ ಮುಕ್ಕಾಲು ಶತಮಾನ ಹಳೆಯದು, ಮತ್ತು ಅದನ್ನು ಹುಟ್ಟಿಸಿದ ಆಸೆಗಳಲ್ಲಿ ಒಂದು ಚಿನ್ನದ್ದು. ಬಂಗಾರಪೇಟೆಯಲ್ಲಿ ಬೆಳೆದು, ಕಟ್ಟಡಗಳ ಅಡಿಪಾಯಕ್ಕೆ ಮಣ್ಣು ಪರೀಕ್ಷೆ ಮಾಡುವ ಕೆಲಸಕ್ಕೆ ಇಲ್ಲಿಗೆ ಬಂದ ನನಗೆ ಈ ಸಂಗತಿ ಸುಮ್ಮನೆ ಓದಿ ಬಿಡುವಂಥದ್ದಾಗಲಿಲ್ಲ.

1889ರಲ್ಲಿ ಕ್ಯಾಸ್ಕೇಡ್ ಪರ್ವತಗಳ ನಡುವೆ, ಈಗಿನ ಎವರೆಟ್ಟಿನ ಪೂರ್ವಕ್ಕೆ, ಅದಿರಿನ ಗೆರೆಗಳು ಸಿಕ್ಕವು. ಆ ಜಾಗಕ್ಕೆ ಮಾಂಟೆ ಕ್ರಿಸ್ಟೊ ಎಂದು ಹೆಸರಿಟ್ಟರು. ಕಾದಂಬರಿಯ ನಿಧಿಯ ಹೆಸರನ್ನೇ ಇಟ್ಟದ್ದು ನೋಡಿದರೆ ಅವರ ನಿರೀಕ್ಷೆ ಎಷ್ಟಿತ್ತೆಂದು ತಿಳಿಯುತ್ತದೆ. ನ್ಯೂಯಾರ್ಕಿನ ಹಣವಂತರು, ರಾಕ್‌ಫೆಲರ್ ಸಮೇತ, ಹಣ ಹಾಕಿದರು. ಅವರಲ್ಲೊಬ್ಬನಾದ ಚಾರ್ಲ್ಸ್ ಕೋಲ್ಬಿಯ ಮಗ ಎವರೆಟ್‌ನ ಹೆಸರು ಊರಿಗೆ ಬಂತು. ಬೆಟ್ಟದಿಂದ ಅದಿರು ತರಲು ರೈಲುಹಾದಿ ಹಾಕಿದರು. ಅದಿರು ಕರಗಿಸಲು ಊರಿನ ಈಶಾನ್ಯ ಮೂಲೆಯಲ್ಲಿ, ಸ್ನೊಹೋಮಿಷ್ ನದಿಯನ್ನು ನೋಡುವ ದಿಣ್ಣೆಯ ಮೇಲೆ, ಪ್ಯೂಜೆಟ್ ಸೌಂಡ್ ರಿಡಕ್ಷನ್ ಕಂಪನಿ ಕುಲುಮೆ ಕಟ್ಟಿತು. 1894ರಲ್ಲಿ ಅದು ಹೊಗೆಯಾಡತೊಡಗಿತು. 1903ರಲ್ಲಿ ಅದನ್ನು ಅಮೆರಿಕನ್ ಸ್ಮೆಲ್ಟಿಂಗ್ ಅಂಡ್ ರಿಫೈನಿಂಗ್ ಕಂಪನಿ ಕೊಂಡಿತು. ಮುಂದೆ ಎಲ್ಲರೂ ಅದನ್ನು ಆಸಾರ್ಕೋ ಎಂದೇ ಕರೆದರು.

ಇದೇ ಕಾಲದಲ್ಲಿ ನಮ್ಮ ಕಡೆ ಏನಾಗುತ್ತಿತ್ತು ನೋಡಿ. ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ 1880ರಲ್ಲಿ ಕೋಲಾರದ ಚಿನ್ನದ ಗಣಿಗೆ ಕೈಹಾಕಿತ್ತು. ಗಣಿಗೆ ಕರೆಂಟು ಬೇಕೆಂದು 1902ರಲ್ಲಿ ಶಿವನಸಮುದ್ರದಿಂದ ಕೆಜಿಎಫ್‌ವರೆಗೆ ತಂತಿ ಎಳೆದರು. ಇಲ್ಲಿ ರಾಕ್‌ಫೆಲರ್, ಅಲ್ಲಿ ಟೇಲರ್. ಇಲ್ಲಿ ಕೆಲಸಕ್ಕೆ ಬಂದವರು ಯುರೋಪಿನ ಹಲವು ಕಡೆಯವರು, ಅಲ್ಲಿ ಹೆಚ್ಚಿನವರು ತಮಿಳು ನಾಡಿನ ದಲಿತ ಕುಟುಂಬಗಳವರು. ಒಂದು ವ್ಯತ್ಯಾಸ ಮಾತ್ರ ದೊಡ್ಡದು. ಕೋಲಾರದ ಗಣಿ ನೂರಿಪ್ಪತ್ತು ವರ್ಷ ನಡೆಯಿತು, 3 ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿಯಿತು. ಮಾಂಟೆ ಕ್ರಿಸ್ಟೊ ಇಪ್ಪತ್ತು ವರ್ಷವೂ ನೆಟ್ಟಗೆ ನಡೆಯಲಿಲ್ಲ. 1897ರ ಪ್ರವಾಹ ಅದರ ರೈಲುಹಾದಿಯನ್ನೇ ಕೊಚ್ಚಿಕೊಂಡು ಹೋಯಿತು.

ಮಾಂಟೆ ಕ್ರಿಸ್ಟೊದ ಅದಿರಿನಲ್ಲಿ ಚಿನ್ನ, ಬೆಳ್ಳಿ, ಸೀಸದ ಜೊತೆಗೆ ಇನ್ನೊಂದು ವಸ್ತು ಧಾರಾಳವಾಗಿತ್ತು: ಆರ್ಸೆನಿಕ್. ನಮ್ಮಲ್ಲಿ ಅದಕ್ಕೆ ಹಳೆಯ ಹೆಸರು ಪಾಷಾಣ. ಇಲಿ ಪಾಷಾಣ ಎಂಬ ಮಾತು ಕೇಳದ ಮನೆ ಯಾವುದು? ಅದಿರನ್ನು ಹುರಿದಾಗ ಆರ್ಸೆನಿಕ್ ಆವಿಯಾಗಿ ಹೊಗೆಯೊಡನೆ ಮೇಲೇಳುತ್ತದೆ. ಆ ಹೊಗೆಯನ್ನು ಉದ್ದನೆಯ ಕಾಲುವೆಗಳಲ್ಲಿ, ಇಟ್ಟಿಗೆಯ ಕೋಣೆಗಳಲ್ಲಿ ಹಾಯಿಸಿ ತಣ್ಣಗೆ ಮಾಡಿದರೆ ಗೋಡೆಗೆ ಬಿಳಿ ಪುಡಿ ಕೂರುತ್ತದೆ. ಬಿಟ್ಟರೆ ಹೊಗೆ, ಹಿಡಿದರೆ ಸರಕು. ಎವರೆಟ್ಟಿನವರು ಹಿಡಿಯಲು ಕಲಿತರು. ಅಮೆರಿಕದಲ್ಲಿ ಬಿಳಿ ಪಾಷಾಣವನ್ನು ವ್ಯಾಪಾರಕ್ಕಾಗಿ ಮೊದಲು ತಯಾರಿಸಿದ್ದು 1901ರಲ್ಲಿ, ಇದೇ ದಿಣ್ಣೆಯ ಮೇಲೆ. ಅದು ಕೀಟನಾಶಕಕ್ಕೆ ಹೋಯಿತು, ಕಳೆನಾಶಕಕ್ಕೆ ಹೋಯಿತು, ಗಾಜಿನ ಕಾರ್ಖಾನೆಗಳಿಗೆ ಹೋಯಿತು. ಕೈಗೆ ಸಿಗದೆ ಚಿಮಣಿಯಿಂದ ಹೋದದ್ದು ಸುತ್ತಲಿನ ನೆಲದ ಮೇಲೆ ಇಳಿಯಿತು.

1912ರ ಹೊತ್ತಿಗೆ ಎಲ್ಲ ನಿಂತಿತು. ಪಾಷಾಣದ ತಯಾರಿಕೆ ದಕ್ಷಿಣದ ಟಕೋಮಾ ಊರಿನಲ್ಲಿದ್ದ ಆಸಾರ್ಕೋದ ಇನ್ನೊಂದು ಕುಲುಮೆಗೆ ಹೋಯಿತು. ಎವರೆಟ್ಟಿನ ಕಟ್ಟಡಗಳನ್ನು ಕೆಡವಿ ನೆಲಸಮ ಮಾಡಿದರು. ಮೇಲೆ ಹುಲ್ಲು ಬೆಳೆಯಿತು. ಊರು ಮರದ ಮಿಲ್ಲುಗಳ ಊರಾಯಿತು. ಕುಲುಮೆಯನ್ನು ಕಣ್ಣಾರೆ ಕಂಡವರು ಮುದುಕರಾದರು, ಕಣ್ಮರೆಯಾದರು. 1930, 40ರ ದಶಕಗಳಲ್ಲಿ ಆ ನೆಲವನ್ನು ನಿವೇಶನ ಮಾಡಿ ಮನೆಗಳನ್ನು ಕಟ್ಟಿದರು. ಚಿಕ್ಕ ಚಿಕ್ಕ ಚೊಕ್ಕ ಮನೆಗಳು, ಹಿತ್ತಲು, ಹೂಗಿಡ. ಮಕ್ಕಳು ಮಣ್ಣಿನಲ್ಲಿ ಆಡಿದರು, ದೊಡ್ಡವರು ಟೊಮೆಟೊ ಬೆಳೆದರು. ಹೀಗೆ ಐವತ್ತು ವರ್ಷ.

1990ರಲ್ಲಿ ಪಕ್ಕದ ವೇಯರ್‌ಹೌಸರ್ ಮರದ ಕಂಪನಿಯ ಜಾಗದ ಪರಿಸರ ಪರೀಕ್ಷೆ ನಡೆಯುವಾಗ ಕುಲುಮೆಯ ಕಿಟ್ಟ ಸಿಕ್ಕಿತು. ಅದರ ಜಾಡು ಹಿಡಿದು ಮೇಲೆ ಹೋದರೆ ಸಿಕ್ಕಿದ್ದು ಮನೆಗಳ ಸಾಲು. ಕುಲುಮೆ ನಿಂತಿದ್ದ ಜಾಗದಲ್ಲಿ, ಹುಲ್ಲಿನ ಕೆಳಗೆ, ಬಿಳಿ ಪಾಷಾಣದ ಉಳಿಕೆಯೇ ಇತ್ತು. ಎಪ್ಪತ್ತೆಂಟು ವರ್ಷ ಮಳೆ ಸುರಿದರೂ, ಅದೂ ಈ ಪ್ರಾಂತದ ಬಿಡದ ಮಳೆ, ಅದು ಹೋಗಿರಲಿಲ್ಲ.

ಹೋಗುವುದೂ ಇಲ್ಲ, ಏಕೆಂದರೆ ಆರ್ಸೆನಿಕ್ ಒಂದು ಮೂಲವಸ್ತು. ಎಣ್ಣೆ ಚೆಲ್ಲಿದರೆ ಸೂಕ್ಷ್ಮಜೀವಿಗಳು ತಿಂದು ಮುಗಿಸುತ್ತವೆ, ಕೊಳೆತದ್ದು ಗೊಬ್ಬರವಾಗುತ್ತದೆ, ಸೈನೈಡು ಕೂಡ ಬಿಸಿಲಿಗೆ ಒಡೆಯುತ್ತದೆ. ಆರ್ಸೆನಿಕ್ಕನ್ನು ಸುಡಲಾಗದು, ಕೊಳೆಸಲಾಗದು. ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸಬಹುದು, ಮುಚ್ಚಬಹುದು, ಇಲ್ಲವೇ ಕದಲದ ಹಾಗೆ ಕಟ್ಟಿಹಾಕಬಹುದು. ಮಲಿನ ಮಣ್ಣಿನ ಶಾಸ್ತ್ರವೆಲ್ಲ ಕೊನೆಗೆ ಈ ಮೂರು ದಾರಿಗಳಿಗೆ ಬಂದು ನಿಲ್ಲುತ್ತದೆ.

ಸಿಯಾಟಲ್ ಸುತ್ತಮುತ್ತ ಈ ದಾರಿಗಳನ್ನು ಕಣ್ಣಾರೆ ನೋಡಬಹುದು. ಯೂನಿಯನ್ ಸರೋವರದ ದಡದ ಗ್ಯಾಸ್ ವರ್ಕ್ಸ್ ಪಾರ್ಕಿನಲ್ಲಿ ನಮ್ಮ ಮಕ್ಕಳು ಗಾಳಿಪಟ ಹಾರಿಸುವ ದಿಬ್ಬ ಇದೆಯಲ್ಲ, ಅದು ದೇವರು ಇಟ್ಟ ಗುಡ್ಡವಲ್ಲ. 1906ರಿಂದ 1956ರವರೆಗೆ ಅಲ್ಲಿ ಊರಿಗೆ ಗ್ಯಾಸ್ ತಯಾರಿಸುವ ಕಾರ್ಖಾನೆ ಇತ್ತು. ಅದರ ಅವಶೇಷದ ಕಲ್ಲುಮಣ್ಣನ್ನು ಗುಡ್ಡೆ ಹಾಕಿ, ಮೇಲೆ ಹೊಸ ಮಣ್ಣು ಹೊದಿಸಿ, ಉಳಿದ ನೆಲಕ್ಕೆ ಮರದ ಪುಡಿ ಮತ್ತು ಗೊಬ್ಬರ ಬೆರೆಸಿ, ವಾಸ್ತುಶಿಲ್ಪಿ ರಿಚರ್ಡ್ ಹಾಗ್ ಅದನ್ನು ಉದ್ಯಾನ ಮಾಡಿದರು. 1975ರಲ್ಲಿ ಜನರಿಗೆ ತೆರೆದರು. ಟಕೋಮಾದ ಕುಲುಮೆ 1985ರವರೆಗೆ ನಡೆಯಿತು. ಅಮೆರಿಕದಲ್ಲಿ ಪಾಷಾಣ ತಯಾರಿಸುತ್ತಿದ್ದ ಕೊನೆಯ ಜಾಗ ಅದು. 1993ರ ಜನವರಿಯಲ್ಲಿ ಅದರ 170 ಮೀಟರಿಗೂ ಎತ್ತರದ ಚಿಮಣಿಯನ್ನು ಸಿಡಿಸಿ ಉರುಳಿಸಿದರು. ಈಗ ಮುಚ್ಚಿಗೆ ಹಾಕಿದ ಆ ನೆಲದ ಮೇಲೆ ಸಮುದ್ರ ನೋಡುವ ಅಪಾರ್ಟ್‌ಮೆಂಟುಗಳು, ಹೋಟೆಲುಗಳು ಇವೆ. ಬೇನ್‌ಬ್ರಿಜ್ ದ್ವೀಪಕ್ಕೆ ಫೆರಿಯಲ್ಲಿ ಹೋಗುವಾಗ ಎಡಗಡೆ ಕಾಣುವ ವೈಕಾಫ್ ಎಂಬ ಹಳೆಯ ಜಾಗದಲ್ಲಿ ಮರದ ಕಂಬಗಳಿಗೆ ಕ್ರಿಯೊಸೋಟ್ ಎಣ್ಣೆ ಕುಡಿಸುತ್ತಿದ್ದರು. ಅಲ್ಲಿನ ಮಣ್ಣಿಗೆ ಸಿಮೆಂಟು ಕಲಸಿ ಇದ್ದಲ್ಲೇ ಗಟ್ಟಿ ಮಾಡುವ ದಾರಿಯನ್ನು ಕೇಂದ್ರದ ಪರಿಸರ ಸಂಸ್ಥೆ 2019ರಲ್ಲಿ ಆರಿಸಿತು. ಮಣ್ಣನ್ನು ಅಗೆದು ಸಾಗಿಸುವ ಬದಲು ದೊಡ್ಡ ತಿರುಪುಗಳಿಂದ ನೆಲದೊಳಗೇ ಸಿಮೆಂಟಿನ ಗಂಜಿ ಕಲಸುವ ವಿಧಾನವಿದು.

ಮಣ್ಣನ್ನು ಹೀಗೆ ಕಟ್ಟಿಹಾಕುವುದು ಕೇಳಲು ಹೊಸದೆನಿಸಿದರೂ ನಮಗೆ ಅಪರಿಚಿತ ವಿದ್ಯೆಯಲ್ಲ. ಹುತ್ತದ ಮಣ್ಣು ತಂದು ತುಳಿದು ಹದ ಮಾಡಿ ಗೋಡೆ ಇಟ್ಟವರು ನಮ್ಮ ಹಿರಿಯರು. ಸುಣ್ಣ ಅರೆದು, ಬೆಲ್ಲದ ನೀರು, ಅಳಲೆಕಾಯಿಯ ನೀರು ಹಾಕಿ ಗಾರೆ ಮಾಡಿದವರು. ಮಣ್ಣಿನಲ್ಲಿ ಜೇಡಿ ಎಷ್ಟು, ಮರಳು ಎಷ್ಟು ಎಂದು ಅಂಗೈಯಲ್ಲಿ ಉಂಡೆ ಕಟ್ಟಿ ನೋಡುತ್ತಿದ್ದರು. ನಾನು ಪ್ರಯೋಗಾಲಯದಲ್ಲಿ ಮಾಡುವುದು ಬಹುಮಟ್ಟಿಗೆ ಅದನ್ನೇ, ಯಂತ್ರ ಮಾತ್ರ ಬೇರೆ.

ಮಲಿನ ಮಣ್ಣಾದರೆ ಒಂದು ಹೊಣೆ ಹೆಚ್ಚು. ಗೋಡೆ ನಿಂತರೆ ಸಾಲದು, ಒಳಗಿನ ವಿಷ ಹೊರಗೆ ಬರಬಾರದು. ಸಿಮೆಂಟು ಎರಡು ಕೆಲಸ ಮಾಡುತ್ತದೆ. ಮಣ್ಣಿನ ಕಣಗಳ ನಡುವಿನ ಸಂದನ್ನು ತುಂಬಿ ನೀರು ಹಾಯದಂತೆ ತಡೆಯುತ್ತದೆ. ಅದರಲ್ಲಿರುವ ಸುಣ್ಣದ ಅಂಶ ಆರ್ಸೆನಿಕ್ಕಿನೊಡನೆ ಕೂಡಿ ಸುಲಭಕ್ಕೆ ಕರಗದ ಲವಣವಾಗುತ್ತದೆ. ಆದರೆ ಆ ಲವಣಕ್ಕೆ ಗಾಳಿಯ ಇಂಗಾಲದ ಡೈಆಕ್ಸೈಡು ತಾಗುತ್ತಾ ಹೋದರೆ ನಿಧಾನಕ್ಕೆ ಮತ್ತೆ ಬಿಡಿಸಿಕೊಳ್ಳುತ್ತದೆ. ಆದ್ದರಿಂದ ಕಬ್ಬಿಣದ ಲವಣವನ್ನೂ ಸೇರಿಸುತ್ತಾರೆ, ಕಬ್ಬಿಣದ ತುಕ್ಕು ಆರ್ಸೆನಿಕ್ಕನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಜೊತೆಗೆ ಸೀಸವಿದ್ದರೆ ಇನ್ನೊಂದು ತೊಡಕು. ಸ್ವಲ್ಪ ಸುಣ್ಣಕ್ಕೆ ಸೀಸ ತಣ್ಣಗೆ ಕೂರುತ್ತದೆ, ಸುಣ್ಣ ಅತಿಯಾದರೆ ಮತ್ತೆ ಕರಗಿ ನೀರಿಗೆ ಬರುತ್ತದೆ. ವೀಳ್ಯದೆಲೆಗೆ ಸುಣ್ಣ ಸವರಿದ ಹಾಗೆ: ಕಡಿಮೆಯಾದರೆ ಕೆಂಪೇರದು, ಹೆಚ್ಚಾದರೆ ಬಾಯಿ ಸುಡುತ್ತದೆ. ಒಂದು ಜಾಗದ ಮಣ್ಣಿಗೆ ಹೊಂದಿದ ಹದ ಪಕ್ಕದ ಜಾಗಕ್ಕೆ ಹೊಂದುವುದಿಲ್ಲ.

ಕಟ್ಟು ನಿಂತಿದೆಯೋ ಇಲ್ಲವೋ ಎಂದು ನೋಡಲು ಪರೀಕ್ಷೆ ಇದೆ. ಗಟ್ಟಿಯಾದ ತುಂಡನ್ನು ಪುಡಿ ಮಾಡಿ, ಹುಳಿ ನೀರಿನಲ್ಲಿ ಹಾಕಿ, ಸುಮಾರು 18 ಗಂಟೆ ತಿರುಗಿಸಿ, ಆ ನೀರನ್ನು ಸೋಸಿ ಅಳೆಯುತ್ತಾರೆ. ಲೀಟರಿಗೆ 5 ಮಿಲಿಗ್ರಾಂ ಆರ್ಸೆನಿಕ್ ಬಂದರೆ ಅಮೆರಿಕದ ಕಾನೂನಿನಲ್ಲಿ ಅದು ಅಪಾಯಕಾರಿ ತ್ಯಾಜ್ಯ. ಹೋಲಿಕೆಗೆ ಹೇಳುವುದಾದರೆ, ಕುಡಿಯುವ ನೀರಿನಲ್ಲಿ ಇಲ್ಲಿನ ಮಿತಿ ಲೀಟರಿಗೆ 0.01 ಮಿಲಿಗ್ರಾಂ. ಐನೂರು ಪಟ್ಟು ಅಂತರ. ಅಂದರೆ ಈ ಪರೀಕ್ಷೆಯಲ್ಲಿ ಪಾಸಾದದ್ದು ಕಸದ ಗುಂಡಿಗೆ ಯೋಗ್ಯ ಎಂದಷ್ಟೇ ಅರ್ಥ, ಅದರಿಂದ ಮನೆ ಕಟ್ಟಬಹುದು ಎಂದಲ್ಲ. ಪಾಸು ಎಂಬ ಪದ ಕಂಡ ತಕ್ಷಣ ಯಾವ ಪರೀಕ್ಷೆ, ಯಾವುದಕ್ಕಾಗಿ ಎಂದು ಕೇಳುವುದು ನನ್ನ ವೃತ್ತಿ ಕಲಿಸಿದ ಮೊದಲ ಪಾಠ.

ಎವರೆಟ್ಟಿನಲ್ಲಿ ಆದದ್ದು ಹೀಗೆ. ವಾಷಿಂಗ್ಟನ್ ರಾಜ್ಯದ ಮತದಾರರು 1988ರಲ್ಲಿ ತಾವೇ ಮತ ಹಾಕಿ ಒಂದು ಕಾನೂನು ತಂದಿದ್ದರು: ನೆಲ ಕೆಡಿಸಿದವರೇ ಅದನ್ನು ಸರಿಪಡಿಸುವ ಖರ್ಚು ಹೊರಬೇಕು. ಆ ಕಾನೂನಿನ ಪ್ರಕಾರ ಜನ ವಾಸಿಸುವ ನೆಲದಲ್ಲಿ ಹತ್ತು ಲಕ್ಷ ಪಾಲು ಮಣ್ಣಿಗೆ ಆರ್ಸೆನಿಕ್ 20 ಪಾಲು, ಸೀಸ 250 ಪಾಲು ಮೀರಬಾರದು. ಈ ಪ್ರದೇಶದ ಮಣ್ಣಿನಲ್ಲಿ ಸಹಜವಾಗಿ ಇರುವ ಆರ್ಸೆನಿಕ್ ಸುಮಾರು 7 ಪಾಲು. ಆಸಾರ್ಕೋ ಎಂಬತ್ತು ವರ್ಷದ ಹಿಂದೆ ಬಿಟ್ಟು ಹೋದ ಕುಲುಮೆಯ ಲೆಕ್ಕಕ್ಕೆ ಮತ್ತೆ ಬರಬೇಕಾಯಿತು. ಅತಿ ಹೆಚ್ಚು ವಿಷವಿದ್ದ ಭಾಗದ ಮನೆಗಳನ್ನು ಕೊಂಡು, ಜನರನ್ನು ಬೇರೆಡೆಗೆ ಕಳಿಸಿ, ಸುತ್ತ ಬೇಲಿ ಹಾಕಿದರು. ಊರಿನ ನಡುವೆ ಬೇಲಿಯೊಳಗೆ ಖಾಲಿ ಮನೆಗಳು ವರ್ಷಗಟ್ಟಲೆ ನಿಂತವು.

ಅಲ್ಲಿ ಮಣ್ಣನ್ನು ಇದ್ದಲ್ಲೇ ಕಟ್ಟಿಹಾಕುವ ಬದಲು ಅಗೆದು ಸಾಗಿಸುವ ದಾರಿಯನ್ನೇ ಮುಖ್ಯವಾಗಿ ಹಿಡಿದರು. ಜನ ಮತ್ತೆ ಮಲಗಿ ಏಳುವ ಜಾಗದಲ್ಲಿ ಶುದ್ಧ ಪಾಷಾಣದಂಥ ಉಳಿಕೆ ಇರುವಾಗ ಅದನ್ನು ಸಿಮೆಂಟಿನಲ್ಲಿ ಹುದುಗಿಸಿ ಭರವಸೆ ಕೊಡುವವರು ಯಾರು? 2000ದ ದಶಕದಲ್ಲಿ ಎವರೆಟ್ ಹೌಸಿಂಗ್ ಅಥಾರಿಟಿ ಬೇಲಿಯೊಳಗಿನ ಜಾಗವನ್ನು ಕೊಂಡು, ಸ್ವಚ್ಛತೆ ಮುಗಿದ ಮೇಲೆ ಹೊಸ ಮನೆಗಳಿಗೆ ದಾರಿ ಮಾಡಿತು. ಅಷ್ಟರಲ್ಲಿ, 2005ರಲ್ಲಿ, ಆಸಾರ್ಕೋ ದಿವಾಳಿ ಎಂದು ಕೋರ್ಟಿಗೆ ಹೋಯಿತು. 2009ರ ಕೊನೆಗೆ ಇತ್ಯರ್ಥವಾದಾಗ ವಾಷಿಂಗ್ಟನ್ ರಾಜ್ಯದ ಪಾಲಿಗೆ ಬಂದದ್ದು 18.8 ಕೋಟಿ ಡಾಲರ್. ಅದರಲ್ಲಿ ಎವರೆಟ್ಟಿನ ಪಾಲಿನಿಂದ ರಾಜ್ಯದ ಇಕಾಲಜಿ ಇಲಾಖೆ ಒಂದೊಂದೇ ಮನೆಯ ಅಂಗಳದ ಮಣ್ಣನ್ನು ಪರೀಕ್ಷಿಸಿ, ಕೆಟ್ಟದ್ದನ್ನು ತೆಗೆದು, ಹೊಸ ಮಣ್ಣು ತುಂಬಿ, ಹುಲ್ಲುಹಾಸು ಮತ್ತೆ ಹಾಸಿಕೊಟ್ಟಿತು.

ಆ ಭಾಗದಲ್ಲಿ ಮನೆ ನೋಡಿದ ಕನ್ನಡದ ಗೆಳೆಯರೊಬ್ಬರು ನನಗೆ ಫೋನ್ ಮಾಡಿದ್ದರು. ಮಾರುವವರು ಕೊಟ್ಟ ಮಾಹಿತಿಪತ್ರದಲ್ಲಿ ಕುಲುಮೆಯ ವಿಷಯ ಬರೆದಿತ್ತು. “ಸರ್, ಬೆಲೆ ಚೆನ್ನಾಗಿದೆ, ಶಾಲೆ ಹತ್ತಿರ. ಆದರೆ ಅಮ್ಮ ಬಂದರೆ ಹಿತ್ತಲಲ್ಲಿ ಮೆಂತ್ಯ, ದಂಟು ಹಾಕದೆ ಇರೋದಿಲ್ಲ. ಏನು ಮಾಡೋದು?” ಎಂದರು. ಆ ಮನೆಯ ಅಂಗಳದ ವರದಿ ಇಲಾಖೆಯಲ್ಲಿ ಸಿಗುತ್ತದೆ, ಮೊದಲು ಅದನ್ನು ತರಿಸಿ ಓದಿ ಎಂದೆ. ಎಷ್ಟು ಆಳದವರೆಗೆ ಮಣ್ಣು ತೆಗೆದಿದ್ದಾರೆ, ಮರದ ಬುಡದಲ್ಲಿ, ಡ್ರೈವ್‌ವೇ ಕೆಳಗೆ ಏನು ಬಿಟ್ಟಿದ್ದಾರೆ ಎಂದು ನೋಡಿ. ಸೊಪ್ಪನ್ನು ಎತ್ತರದ ಪಾತಿಯಲ್ಲಿ ಕೊಂಡು ತಂದ ಮಣ್ಣು ಹಾಕಿ ಬೆಳೆಯಿರಿ, ಚೆನ್ನಾಗಿ ತೊಳೆಯಿರಿ. ಆರೋಗ್ಯ ಇಲಾಖೆಯ ಸಲಹೆಯಲ್ಲಿ ಇನ್ನೊಂದು ಸಾಲಿದೆ: ಚಪ್ಪಲಿಯನ್ನು ಬಾಗಿಲಲ್ಲೇ ಬಿಟ್ಟು ಒಳಗೆ ಬನ್ನಿ. “ಅದಂತೂ ಅಮ್ಮ ಹುಟ್ಟಿದಾಗಿನಿಂದ ಹೇಳ್ತಾ ಇದ್ದಾರೆ ಬಿಡಿ” ಎಂದು ಅವರು ನಕ್ಕರು. ವರದಿ ಓದಿ ಅವರು ಆ ಮನೆ ಕೊಂಡರು. ವರದಿ ಎಂಬುದೊಂದು ಇತ್ತು, ಕೇಳಿದರೆ ಸಿಕ್ಕಿತು. ಇದು ಸಣ್ಣ ಮಾತಲ್ಲ.

ಏಕೆಂದರೆ ಆ ಫೋನಿಟ್ಟ ಮೇಲೆ ನನ್ನ ಮನಸ್ಸಿಗೆ ಬಂದದ್ದು ನಮ್ಮೂರ ಕಡೆಯ ಸೈನೈಡ್ ಗುಡ್ಡಗಳು. ಕೆಜಿಎಫ್ ಗಣಿಗಳಿಂದ ತೆಗೆದ ಕಲ್ಲನ್ನು ಹಿಟ್ಟಿನಂತೆ ಅರೆದು, ಸೈನೈಡು ನೀರಿನಲ್ಲಿ ಚಿನ್ನ ಕರಗಿಸಿ ತೆಗೆದ ಮೇಲೆ ಉಳಿದ ಹುಡಿಯನ್ನು ಗುಡ್ಡೆ ಹಾಕಿದರು. ಆ ಹುಡಿ 3.3 ಕೋಟಿ ಟನ್ ಇದೆಯೆಂದು ಅಂದಾಜು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಸಿನಿಮಾದವರಿಗೆ ಅವು ಚೆಂದದ ಗುಡ್ಡಗಳು. ಗಾಳಿ ಎದ್ದರೆ ಆ ನುಣುಪು ಹುಡಿ ಕಾಲೋನಿಗಳ ಮನೆಯೊಳಗೆ, ಅನ್ನದ ಪಾತ್ರೆಯೊಳಗೆ, ಶ್ವಾಸದೊಳಗೆ ಇಳಿಯುತ್ತದೆ. ಸೈನೈಡು ಬಿಸಿಲಿಗೆ ಒಡೆದರೂ ಕಲ್ಲಿನ ಹುಡಿ ಒಡೆಯುವುದಿಲ್ಲ. ಉತ್ತರ ಕರ್ನಾಟಕದಲ್ಲಿ ಕಥೆ ಬೇರೆ. ಯಾದಗಿರಿ ಜಿಲ್ಲೆಯ ಕಿರದಳ್ಳಿ ತಾಂಡಾದ ಜನ ಬೋರ್‌ವೆಲ್ ನೀರಿನ ಆರ್ಸೆನಿಕ್ಕಿನಿಂದ ನರಳಿದರು. ಚಿನ್ನದ ಬಂಡೆ ಇರುವ ಕಡೆ ಪಾಷಾಣವೂ ಇರುತ್ತದೆ ಎಂಬ ಮಾಂಟೆ ಕ್ರಿಸ್ಟೊದ ಪಾಠವನ್ನು ಅಲ್ಲಿ ಬಂಜಾರ ಕುಟುಂಬಗಳು ಮೈಮೇಲೆ ಕಲಿತವು.

ಕೆಜಿಎಫ್ ಹುಡಿಯಿಂದ ಇಟ್ಟಿಗೆ ಮಾಡಬಹುದೇ ಎಂದು ಕೇಳಿದವರು ಇಲ್ಲದಿಲ್ಲ. ಗಣಿಯ ಊರಲ್ಲೇ ಇದ್ದ ರಾಷ್ಟ್ರೀಯ ಶಿಲಾ ಯಂತ್ರಶಾಸ್ತ್ರ ಸಂಸ್ಥೆಯ ವಿಜ್ಞಾನಿಗಳು ಮಾಡಿ ನೋಡಿದರು, 2007ರಲ್ಲಿ ಪ್ರಕಟಿಸಿದರು. ಸಿಮೆಂಟು ಬೆರೆಸಿದ ಇಟ್ಟಿಗೆ ತಕ್ಕಷ್ಟು ಗಟ್ಟಿಯಾಗಲು 20 ಶೇಕಡಾ ಸಿಮೆಂಟು ಬೇಕಾಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ಅಸ್ತ್ರ ಕೇಂದ್ರದವರು ಒಳ್ಳೆಯ ಮಣ್ಣಿಗೆ 5ರಿಂದ 8 ಶೇಕಡಾ ಸಿಮೆಂಟು ಹಾಕಿ, ಒತ್ತುಯಂತ್ರದಲ್ಲಿ ಒತ್ತಿ, ಸುಡದೆ ಇಟ್ಟಿಗೆ ಮಾಡುವುದನ್ನು ನಾಡಿಗೆ ಕಲಿಸಿದ್ದರು. ಬೆಂಗಳೂರಿನಲ್ಲಿ ಅಂಥ ಮನೆಗಳು ಬೇಕಾದಷ್ಟಿವೆ. 8ಕ್ಕೂ 20ಕ್ಕೂ ಇರುವ ಅಂತರವೇ ಕೆಜಿಎಫ್ ಹುಡಿಯ ಲೆಕ್ಕವನ್ನು ಕೆಡಿಸುತ್ತದೆ. ಹುಡಿ ಪುಕ್ಕಟೆ, ಸಿಮೆಂಟು ಪುಕ್ಕಟೆಯಲ್ಲ. ಜೇಡಿಮಣ್ಣು ಬೆರೆಸಿ ಸುಟ್ಟರೆ ಅಗ್ಗವಾಗುತ್ತದೆ, ಆದರೆ ಜೇಡಿಗೆ ಯಾವುದೋ ಕೆರೆಯನ್ನೋ ಹೊಲವನ್ನೋ ಅಗೆಯಬೇಕು.

ಇನ್ನೊಂದು ಕಾರಣವೂ ಇದೆ. ಆ ಗುಡ್ಡಗಳಲ್ಲಿ ಇನ್ನೂ ಚಿನ್ನವಿದೆ, 23 ಟನ್ ಎಂದು ಅಂದಾಜು. 2024ರಲ್ಲಿ ರಾಜ್ಯ ಸಂಪುಟ 13 ಗುಡ್ಡಗಳ, 1,003 ಎಕರೆಯ ಹುಡಿಯಿಂದ ಮತ್ತೆ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ಒಪ್ಪಿಗೆ ಕೊಟ್ಟಿತು. ಎವರೆಟ್ಟಿನ ಮಣ್ಣು ಕಾನೂನಿನ ಪುಸ್ತಕದಲ್ಲಿ ಸಾಲ, ಆದ್ದರಿಂದ ಯಾರಾದರೂ ತೀರಿಸಲೇಬೇಕಾಯಿತು. ಕೆಜಿಎಫ್ ಮಣ್ಣು ಪುಸ್ತಕದಲ್ಲಿ ಆಸ್ತಿ, ಆದ್ದರಿಂದ ಬೆಲೆ ಏರುವವರೆಗೆ ಕಾಯಬಹುದಾಯಿತು. ಧೂಳು ಉಸಿರಾಡುವವರ ಲೆಕ್ಕ ಈ ಎರಡನೆಯ ಪುಸ್ತಕದಲ್ಲಿ ಬರೆಯುವ ಕಾಲಂ ಇಲ್ಲ.

ಅಮೆರಿಕ ಎಲ್ಲ ಸರಿ ಮಾಡಿತು, ನಮ್ಮವರು ಮಾಡಲಿಲ್ಲ ಎಂದು ನಾನು ಹೇಳುತ್ತಿಲ್ಲ. ಎವರೆಟ್ಟಿನ ಜನ ವಿಷದ ಮೇಲೆ ಅರ್ಧ ಶತಮಾನ ಬದುಕಿದರು, ಯಾರೂ ಅವರಿಗೆ ಹೇಳಲಿಲ್ಲ. ಅಗೆದ ಮಣ್ಣು ಮಾಯವಾಗಲಿಲ್ಲ, ಇನ್ನೊಂದು ಊರಿನ ಗುಂಡಿಗೆ ಹೋಯಿತು. ಆದರೂ ಕೆಜಿಎಫ್‌ನಲ್ಲಿ ಯಂತ್ರಗಳು ಮತ್ತೆ ಓಡುವ ಮೊದಲು ಕೇಳಬಹುದಾದ ಪ್ರಶ್ನೆಗಳು ಎವರೆಟ್ಟಿನ ಅನುಭವದಿಂದಲೇ ಸಿಗುತ್ತವೆ. ಚಿನ್ನ ತೆಗೆದ ಮೇಲೆ ಉಳಿಯುವ ಹುಡಿ ಎಲ್ಲಿಗೆ? ಅದನ್ನು ಕಟ್ಟಿಹಾಕಲು ಬೇಕಾದ ಸಿಮೆಂಟಿನ ಖರ್ಚನ್ನು ಟೆಂಡರಿನಲ್ಲೇ ಬರೆಯುತ್ತಾರೆಯೇ? ಆ ಇಟ್ಟಿಗೆಯನ್ನು ನೀರಿನಲ್ಲಿ ನೆನೆಸಿ ನೋಡುವವರು ಯಾರು, ಫಲಿತಾಂಶವನ್ನು ತಮಿಳು, ಕನ್ನಡ, ತೆಲುಗಿನಲ್ಲಿ ಬರೆದು ಗಣಿ ಕಾಲೋನಿಯ ಗೋಡೆಗೆ ಅಂಟಿಸುವವರು ಯಾರು? ಆ ಕಾಲೋನಿಯ ತಾಯಿಯೊಬ್ಬಳು ತನ್ನ ಅಂಗಳದ ಮಣ್ಣಿನ ವರದಿ ಕೇಳಿದರೆ ಯಾವ ಕಚೇರಿಯ ಯಾವ ಮೇಜಿನಲ್ಲಿ ಅದು ಸಿಗುತ್ತದೆ? ಈ ಪ್ರಶ್ನೆಗಳನ್ನು ಕೇಳಲು ವಿಜ್ಞಾನಿಯಾಗಬೇಕಿಲ್ಲ, ಕೆಜಿಎಫ್‌ನಲ್ಲಿ ಒಂದು ಮನೆ ಇದ್ದರೆ ಸಾಕು.